ದಿಗ್ವ್ರತವೂ ಘಟ್ಟದ ದಾರಿಯೂ

ಕಾರವಾರ ತಾಲೂಕಿನ ಹಣಕೋಣವು ಕಾಳಿ ನದಿಯ ದಂಡೆಯ ಗ್ರಾಮ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಸಮುದ್ರ, ಪಕ್ಕದಲ್ಲಿ ನದಿ, ಪೂರ್ವಕ್ಕೆ ದಟ್ಟವಾದ ಅಡವಿ, ಅದರಾಚೆ ಸಹ್ಯಾದ್ರಿಯ ಶ್ರೇಣಿ. ದಿಗ್ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನ ಸಂಚಾರಕ್ಕೆ ಯಾವುದನ್ನು ಎಲ್ಲೆಯಾಗಿ ಗೊತ್ತುಮಾಡಿಕೊಳ್ಳಬೇಕೆಂಬುದನ್ನು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮುದ್ರ, ನದಿ, ಅಡವಿ, ಪರ್ವತಗಳನ್ನು ಹೆಸರಿಸಿದ್ದಾರೆ. ಆ ನಾಲ್ಕೂ ಒಂದೆಡೆ ಕೂಡಿರುವ ನೆಲವಿದು. ಇಲ್ಲಿಂದ ಘಟ್ಟವನ್ನೇರಿ ಮರಳುತ್ತಿದ್ದ ದಾರಿಗಳ ಇತಿಹಾಸವು ಕೇವಲ ವ್ಯಾಪಾರದ ಇತಿಹಾಸವಲ್ಲ. ಎಲ್ಲೆಯ ಮತ್ತು ಹೊರೆಯ ಇತಿಹಾಸವೂ ಹೌದು.

ಕರಾವಳಿಗೂ ಘಟ್ಟದ ಮೇಲಿನ ನಾಡಿಗೂ ನಡುವಣ ಏರು ಸಾಮಾನ್ಯವಾದುದಲ್ಲ. ಯಲ್ಲಾಪುರ, ಶಿರಸಿಗಳು ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿವೆ. ಕಾಳಿಯ ಕಣಿವೆಯಿಂದ ಮೇಲೇರಿ, ಯಲ್ಲಾಪುರ, ಸೋಂದೆ, ಶಿರಸಿಗಳನ್ನು ಹಾಯ್ದು, ದೇವಿಮನೆ ಘಟ್ಟವನ್ನಿಳಿದು, ಅಘನಾಶಿನಿ, ಗಂಗಾವಳಿ ನದಿಗಳನ್ನು ದಾಟಿ ಅಂಕೋಲೆಯ ಮಾರ್ಗವಾಗಿ ಕಾರವಾರಕ್ಕೆ ಮರಳಿದರೆ ಒಂದು ಸುತ್ತು ಪೂರ್ಣವಾಗುತ್ತದೆ. ಕಾಲ್ನಡಿಗೆಯವರಿಗೆ ಇದು ಅನೇಕ ದಿನಗಳ ಕಠಿಣ ಪ್ರಯಾಣ. ಈ ಸುತ್ತಿನ ನಡುವೆಯೇ ಸೋಂದೆಯ ಜೈನ ಮಠವಿದೆ. ದಕ್ಷಿಣಕ್ಕೆ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯು ಇಂದಿಗೂ ನಿಂತಿದೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದುದಕ್ಕೂ ಮೆಣಸೇ ಮುಖ್ಯ ಕಾರಣಗಳಲ್ಲಿ ಒಂದು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಸಂಚರಿಸಿದನು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಆತನು, ಕರಾವಳಿಯನ್ನು ನೋಡಿಕೊಂಡು ಸದಾಶಿವಗಡಕ್ಕೆ ಬಂದು, ಕಾಳಿಯ ಕಣಿವೆಯಲ್ಲಿ ಕದ್ರಾದ ಮೂಲಕ ಘಟ್ಟವನ್ನೇರಿ, ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನು ಕಂಡು, 1801ರ ಜುಲೈನಲ್ಲಿ ಮದರಾಸಿಗೇ ಮರಳಿದನು. ಬೆಳೆ, ಸುಂಕ, ಜನ, ಮತ ಎಲ್ಲವನ್ನೂ ಬರೆದಿಟ್ಟನು. ಹೊಸದಾಗಿ ಕೈಸೇರಿದ ನಾಡಿನ ಆದಾಯವನ್ನು ಅಳೆಯುವುದು ಆ ಪ್ರವಾಸದ ಉದ್ದೇಶಗಳಲ್ಲೊಂದಾಗಿತ್ತು. ಅದೇ ದಾರಿಯನ್ನು ಅವನಿಗಿಂತ ಬಹುಹಿಂದಿನಿಂದಲೂ ತುಳಿದವುಗಳು ಹೇರೆತ್ತುಗಳು. ಗಾಡಿರಸ್ತೆಗಳು ಆಗುವ ಮೊದಲು ಕರಾವಳಿಯ ಉಪ್ಪು ಮೇಲಕ್ಕೆ ಹೋದದ್ದೂ, ಮೆಣಸು, ಅಡಿಕೆಗಳು ಕೆಳಗಿಳಿದದ್ದೂ ಹೆಚ್ಚಾಗಿ ಅವುಗಳ ಬೆನ್ನಿನ ಮೇಲೆಯೇ. ಅವುಗಳ ಪ್ರಯಾಣದ ವೃತ್ತಾಂತವನ್ನು ಯಾರೂ ಬರೆಯಲಿಲ್ಲ.

ಆದರೆ ಧರ್ಮಶಾಸ್ತ್ರವು ಅವುಗಳನ್ನು ಮರೆತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಕೊಲ್ಲದೆ ಇದ್ದೇನೆಂದು ತೃಪ್ತನಾಗುವ ವರ್ತಕನಿಗೆ ಈ ಪಟ್ಟಿಯೇ ಉತ್ತರ. ಕಡಿದಾದ ಏರಿನಲ್ಲಿ ಎತ್ತಿನ ಮೇಲೆ ಇನ್ನೊಂದಿಷ್ಟು ಹೇರಿದರೆ ಒಂದು ಸುತ್ತಿನ ಖರ್ಚು ಉಳಿಯುತ್ತದೆ. ಕಟ್ಟುಗಳನ್ನು ಬಿಚ್ಚಿ ನೀರು ಕುಡಿಸದೆ ನಡೆಸಿದರೆ ಒಂದು ದಿನ ಉಳಿಯುತ್ತದೆ. ಖಾತೆಯಲ್ಲಿ ಇವೆರಡೂ ಲಾಭದ ಬಾಬಿನಲ್ಲಿ ಕಾಣಿಸಿಕೊಳ್ಳುತ್ತವೆ. ಶಾಸ್ತ್ರದಲ್ಲಿ ದೋಷದ ಬಾಬಿನಲ್ಲಿ.

ಅದೇ ಅಧ್ಯಾಯವು ದಿಗ್ವ್ರತದ ಅತಿಚಾರಗಳನ್ನೂ ಎಣಿಸುತ್ತದೆ. ಮೇಲೆ, ಕೆಳಗೆ, ಅಡ್ಡಲಾಗಿ ಎಲ್ಲೆ ಮೀರುವುದು, ಕ್ಷೇತ್ರವೃದ್ಧಿ, ಎಲ್ಲೆಯನ್ನೇ ಮರೆಯುವುದು. ಊರ್ಧ್ವಾತಿಕ್ರಮಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಉದಾಹರಣೆ ಪರ್ವತಾರೋಹಣವೇ. ಪರ್ವತವನ್ನು ಏರಬಾರದೆಂದು ಇದರ ಅರ್ಥವಲ್ಲ. ತಾನೇ ಹಾಕಿಕೊಂಡ ಎಲ್ಲೆಯನ್ನು ಲೋಭದಿಂದಲೋ ಪ್ರಮಾದದಿಂದಲೋ ದಾಟಬಾರದೆಂದು ಅರ್ಥ. ಎಲ್ಲೆಯಾಚೆಗಿನ ಜೀವರಾಶಿಗೆ ತನ್ನಿಂದ ಬಾಧೆಯಿಲ್ಲವೆಂಬ ಅಭಯವೇ ಈ ವ್ರತದ ತಿರುಳು.

ಮುನಿಗಳ ವಿಹಾರವು ಇದರ ಪೂರ್ಣರೂಪ. ಹಗಲಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಜನ ತುಳಿದ ದಾರಿಯಲ್ಲಿ ನಡೆಯುವುದು ಈರ್ಯಾಸಮಿತಿ. ಮೊಳಕೆಗಳೂ ಕ್ರಿಮಿಕೀಟಗಳೂ ನೆಲವನ್ನೆಲ್ಲ ತುಂಬುವ ಚಾತುರ್ಮಾಸದಲ್ಲಿ ನಡಿಗೆಯೇ ನಿಲ್ಲುತ್ತದೆ. ಘಟ್ಟದ ಮಳೆಯನ್ನು ಬಲ್ಲವರಿಗೆ ಈ ನಿಯಮದ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲ ಬದಲಾಗಿದೆ. ಸೂಪಾ ಅಣೆಕಟ್ಟಿನ ಜಲಾಶಯದಲ್ಲಿ ಹಳೆಯ ಸೂಪಾ ಪಟ್ಟಣವು ಮುಳುಗಿತು. ಕದ್ರಾದಲ್ಲಿಯೂ ಅಣೆಕಟ್ಟು ಎದ್ದಿತು. ಅಣಶಿ, ದಾಂಡೇಲಿಗಳ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆಯಿತು. ಹೇರೆತ್ತುಗಳ ಜಾಗದಲ್ಲಿ ಈಗ ಬೆನ್ನಿಗೆ ಚೀಲ ಕಟ್ಟಿದ ಚಾರಣಿಗರು. ತನ್ನ ಹೊರೆಯನ್ನು ತಾನೇ ಹೊರುವುದು ಮೆಚ್ಚತಕ್ಕದ್ದೇ. ಆದರೆ ಅವರಲ್ಲಿ ಅನೇಕರು ಆರಿಸಿಕೊಳ್ಳುವುದು ಮಳೆಗಾಲವನ್ನೇ. ಇಳಿಯುವಾಗ ಬಿಟ್ಟುಹೋಗುವ ಪ್ಲಾಸ್ಟಿಕ್ಕಿನ ಹೊರೆ ಕಾಡಿನ ಪ್ರಾಣಿಗಳ ಪಾಲು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಮ್ಮೆಲೇ ಭಾರಿ ಜನಸಂದಣಿ ಸೇರಿದ ಬಳಿಕ, ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಪಥಗಳಲ್ಲಿ ಚಾರಣವನ್ನು ಸರ್ಕಾರವು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಸ್ವಯಂ ಹಾಕಿಕೊಳ್ಳದ ಎಲ್ಲೆಯನ್ನು ಇಲಾಖೆ ಹಾಕುತ್ತದೆ. ಆಜ್ಞೆಗೆ ಅಂಜಿ ನಿಲ್ಲುವವನು ದಂಡದಿಂದ ಪಾರಾಗುತ್ತಾನೆ, ವ್ರತಿಯಾಗುವುದಿಲ್ಲ.

ಇಂದು ಶ್ರಾವಕರ ಮನೆಗಳ ಯುವಕರೂ ಬೆಟ್ಟಗಳನ್ನು ಸುತ್ತಲು ಹೊರಡುತ್ತಾರೆ. ಅವರನ್ನು ತಡೆಯುವುದಕ್ಕಿಂತ, ಹೊರಡುವ ಮುನ್ನ ಎಲ್ಲಿಯವರೆಗೆ, ಎಷ್ಟು ದಿನ, ಎಷ್ಟು ಹೊರೆ ಎಂಬ ಮೂರನ್ನು ನಿಶ್ಚಯಿಸಿಕೊಳ್ಳುವ ಅಭ್ಯಾಸವನ್ನು ಹಿರಿಯರು ಕಲಿಸುವುದು ಲೇಸು. ಮಳೆ ಕಳೆಯುವವರೆಗೆ ಕಾಯುವುದನ್ನೂ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ನಡಿಗೆಯನ್ನು ನಿಲ್ಲಿಸುವುದನ್ನೂ, ಸಾಮಾನು ಹೊರಲು ಬಂದ ಹಳ್ಳಿಯ ಹುಡುಗನ ಬೆನ್ನಿನ ಮೇಲೆ ಹೆಚ್ಚಿನ ಭಾರ ಹಾಕದಿರುವುದನ್ನೂ ಅದಕ್ಕೆ ಸೇರಿಸಬೇಕು. ಹೀಗೆ ನಡೆದವರಿಗೆ ಘಟ್ಟದ ಸುತ್ತು ದಿಗ್ವ್ರತದ ಪಾಠವಾಗುತ್ತದೆ. ಅವರು ಹಾಯ್ದುಹೋದ ಅಡವಿಯ ಜೀವಗಳು ಅವರು ಬಂದುದನ್ನು ಅರಿಯದೆ ಬದುಕಿರುತ್ತವೆ.