ಅಜ್ಜನ ಫಿಯೆಟ್, ಅರ್ಧ ಪ್ರೀಮಿಯಂ, ಪೂರ್ತಿ ಷರತ್ತು

ಭಾಗ 1/7: ಮದುವೆಗೆ ಕಾರು ಕೇಳಿದಾಗ

ಹೋದ ವಾರ ಕ್ಲಾಸಿನ ಫ್ರೆಂಡ್ ಒಬ್ಬ ಕೇಳಿದ: "ನಿಮ್ಮ ಅಜ್ಜನ ಫಿಯೆಟ್ ಇನ್ನೂ ಓಡುತ್ತಲ್ವಾ? ಅಕ್ಕನ ಮದುವೆಗೆ ಒಂದು ದಿನ ಕೊಡೋ ಮಾರಾಯ. ಪೆಟ್ರೋಲ್ ನಮ್ದು, ಮೇಲೆ ಐದು ಸಾವಿರ ಕೊಡ್ತೀವಿ."

ನನಗೇನೋ ಖುಷಿ. ಆದ್ರೆ ಕಾರು ನೋಡ್ಕೊಳ್ಳೋ ನಮ್ಮ ಮಾವ ಒಂದೇ ಮಾತು ಹೇಳಿದ್ರು: "ಕಾರು ಬೇಕಾದ್ರೆ ಕೊಡೋಣ, ದುಡ್ಡು ಬೇಡ. ಯಾಕೆ ಅಂತ ಗೊತ್ತಾಗಬೇಕಾದ್ರೆ ಪಾಲಿಸಿ ಓದು."

ಓದಿದೆ. ಅದರಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇದೆ. ಖಾಸಗಿ ಕಾರನ್ನು ಯಾವುದಕ್ಕೆ ಬೇಕಾದ್ರೂ ಬಳಸಬಹುದು, ಇವಿಷ್ಟನ್ನು ಬಿಟ್ಟು: ಬಾಡಿಗೆ ಅಥವಾ ಪ್ರತಿಫಲ, ಸರಕು ಸಾಗಣೆ (ಸ್ವಂತ ಲಗೇಜು, ಸ್ಯಾಂಪಲ್‌ಗೆ ಅಡ್ಡಿಯಿಲ್ಲ), ಸಂಘಟಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್, ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಯಾವುದೇ ಕೆಲಸ.

ಐದು ಸಾವಿರ ತಗೊಂಡ ಕ್ಷಣಕ್ಕೆ ನಾವು ಪಟ್ಟಿಯ ಮೊದಲನೇ ಸಾಲಿಗೆ ಬೀಳ್ತೀವಿ. ಅದು ಅರ್ಥವಾಯ್ತು. ಆದ್ರೆ ಪೇಸ್ ಮೇಕಿಂಗ್? ರಿಲಯಬಿಲಿಟಿ ಟ್ರಯಲ್? ಇವತ್ತು ಯಾರು ಮಾಡ್ತಾರೆ ಇದನ್ನೆಲ್ಲ? ಹುಡುಕ್ತಾ ಹೋದ್ರೆ ನೂರಕ್ಕೂ ಹೆಚ್ಚು ವರ್ಷದ ಕಥೆ ಸಿಕ್ತು.

ಭಾಗ 2/7: ಪಾಲಿಸಿಯೊಳಗೆ ಉಳಿದ ಹಳೇ ಪದಗಳು

1900ರ ಸುಮಾರಿಗೆ ಮೋಟಾರು ಕಾರು ಅಂದ್ರೆ ಜನಕ್ಕೆ ನಂಬಿಕೆಯೇ ಇರಲಿಲ್ಲ. ಹತ್ತು ಮೈಲಿ ಹೋಗಿ ನಿಂತುಬಿಡುತ್ತೆ ಅಂತ ನಗ್ತಿದ್ರು. ಅದಕ್ಕೇ ಬ್ರಿಟನ್ನಿನ ಆಟೋಮೊಬೈಲ್ ಕ್ಲಬ್ 1900ರ ಏಪ್ರಿಲ್-ಮೇ ತಿಂಗಳಲ್ಲಿ ಸಾವಿರ ಮೈಲಿಯ ಪರೀಕ್ಷಾ ಓಟ ನಡೆಸಿತು. ಯಾರು ಫಸ್ಟ್ ಅನ್ನೋದಲ್ಲ ಪ್ರಶ್ನೆ, ಯಾವ ಕಾರು ಕೆಡದೆ ಊರು ಮುಟ್ಟುತ್ತೆ ಅನ್ನೋದು. ಅದೇ ರಿಲಯಬಿಲಿಟಿ ಟ್ರಯಲ್. ನಮ್ಮ ದೇಶದಲ್ಲೂ 1904ರ ಕೊನೆಗೆ ದೆಹಲಿಯಿಂದ ಬಾಂಬೆಗೆ ಇಂಥದ್ದೊಂದು ಓಟ ನಡೀತು.

ಪೇಸ್ ಮೇಕಿಂಗ್ ಬಂದಿದ್ದು ಸೈಕಲ್ ರೇಸಿನಿಂದ. ಮುಂದೆ ಮೋಟಾರು ಗಾಡಿ ಗಾಳಿ ಸೀಳಿಕೊಂಡು ಹೋಗುತ್ತೆ, ಹಿಂದೆಯೇ ಅಂಟಿಕೊಂಡು ಸೈಕಲ್ ಸವಾರ ತುಳೀತಾನೆ. ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಾ?

ಇಂಥ ಬಳಕೆಗಳಲ್ಲಿ ಕಾರು ಹಾಳಾಗೋದು ಅಪರೂಪವಲ್ಲ, ಮಾಮೂಲು. ಮಾಮೂಲು ಪ್ರೀಮಿಯಂನಲ್ಲಿ ಆ ನಷ್ಟ ತುಂಬಿಕೊಡೋಕೆ ಆಗಲ್ಲ ಅನ್ನೋದು ಕಂಪನಿಗಳ ಲೆಕ್ಕ. ಹಾಗಾಗಿ ಅವು ಹೊರಗೆ. ಓಟಗಳು ನಿಂತರೂ ಪದಗಳು ಹೋಗಲಿಲ್ಲ. ಇವತ್ತಿನ ರ್‍ಯಾಲಿಗೂ ಇದೇ ಕಾರಣಕ್ಕೆ ಕಂಪನಿಯನ್ನು ಮೊದಲೇ ಕೇಳಿ, ಬೇಕಾದ್ರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪ್ರತ್ಯೇಕ ಷರತ್ತು ಸೇರಿಸಿಕೊಳ್ಳಬೇಕು.

ಭಾಗ 3/7: ವಿಮೆ ಇರೋದು ಕಾರಿಗಾ, ರಸ್ತೆಯಲ್ಲಿರೋರಿಗಾ?

ಮೊದಮೊದಲು ಕಾರು ವಿಮೆ ಕಡ್ಡಾಯ ಇರಲಿಲ್ಲ. ಕಾರು ಬಡಿದು ಯಾರಾದ್ರೂ ಸತ್ತರೆ ಮನೆಯವರು ಕೋರ್ಟಿಗೆ ಹೋಗಬಹುದಿತ್ತು, ಗೆಲ್ಲಲೂಬಹುದಿತ್ತು. ಆದ್ರೆ ಕಾರಿನವನ ಹತ್ರ ದುಡ್ಡೇ ಇಲ್ಲ ಅಂದ್ರೆ? ತೀರ್ಪಿನ ಕಾಗದ ಮಾತ್ರ ಕೈಗೆ.

ಬ್ರಿಟನ್ನಿನಲ್ಲಿ 1930ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 7,000ಕ್ಕೂ ಹೆಚ್ಚು. ಅದೇ ವರ್ಷದ ರೋಡ್ ಟ್ರಾಫಿಕ್ ಆಕ್ಟ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆ ಬಂದಿದ್ದು 1939ರಲ್ಲಿ, ಆದ್ರೆ ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾಗಿದ್ದು 1946ರ ಜುಲೈ 1ರಂದು. ಈಗಿರೋದು 1988ರ ಕಾಯ್ದೆ.

ಇದರ ಅರ್ಥ ಏನು ಗೊತ್ತಾ? ಶೆಡ್ಡಿನಲ್ಲಿರೋ ಕಾರಿಗೆ ವಯಸ್ಸು ಎಷ್ಟೇ ಆಗಿರಲಿ, ರಸ್ತೆಗೆ ಇಳೀಬೇಕು ಅಂದ್ರೆ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಕು. ಕಾರು ಎಷ್ಟು ಹಳೇದು ಅನ್ನೋದು ಅದರ ಚಕ್ರಕ್ಕೆ ಸಿಕ್ಕವರಿಗೆ ಮುಖ್ಯವಲ್ಲ.

ಇನ್ನೊಂದು ವಿಷಯ. ಬಳಕೆಯ ಮಿತಿ ಮೀರಿದ್ರೆ ಕಂಪನಿ "ಇದು ನಮ್ಮ ಹೊಣೆಯಲ್ಲ" ಅಂತ ವಾದ ಹೂಡೋಕೆ ಕಾಯ್ದೆಯೇ ಕೆಲವು ಕಾರಣ ಕೊಟ್ಟಿದೆ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು ಒಂದು. ಸಂಘಟಿತ ರೇಸ್, ವೇಗ ಪರೀಕ್ಷೆ ಇನ್ನೊಂದು. ಅಂದ್ರೆ ಆ ಐದು ಸಾವಿರದ ಆಸೆಗೆ ಲಕ್ಷಾಂತರ ರೂಪಾಯಿಯ ಪರಿಹಾರ ನಮ್ಮ ತಲೆಗೇ ಬರಬಹುದು.

ಭಾಗ 4/7: "ಹಳೇ ಕಾರು" ಅನ್ನೋದನ್ನ ಯಾರು ತೀರ್ಮಾನಿಸಿದ್ರು?

1973ರ ಜನವರಿ 1ರಿಂದ ನಮ್ಮ ಸಾಮಾನ್ಯ ವಿಮೆ ಪೂರ್ತಿ ಸರ್ಕಾರದ ಕೈಗೆ ಬಂತು. 107 ಕಂಪನಿಗಳು ಸೇರಿ ನಾಲ್ಕಾದವು. ಬಹಳ ಕಾಲ ಮೋಟಾರು ವಿಮೆಯ ದರ, ಷರತ್ತು ಎಲ್ಲ ಒಂದೇ ಪುಸ್ತಕದ ಪ್ರಕಾರ ನಡೀತಿತ್ತು. ಅದಕ್ಕೆ ಟ್ಯಾರಿಫ್ ಅಂತ ಹೆಸರು.

2002ರ ಟ್ಯಾರಿಫ್ ಪ್ರಕಾರ ವಿಂಟೇಜ್ ಕಾರು ಅಂದ್ರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಪಡೆದದ್ದು. ಅಂಥ ಕಾರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 25 ರಿಯಾಯಿತಿ. ಜೊತೆಗೆ ಬೇರೆ ಯಾವ ಕಾರಿಗೂ ಇಲ್ಲದ ಒಂದು ಸೌಲಭ್ಯ: ಒಪ್ಪಿದ ಬೆಲೆಯ ಪಾಲಿಸಿ. ಕಾರು ಪೂರ್ತಿ ಹೋದ್ರೆ ಮಾರುಕಟ್ಟೆ ಬೆಲೆ ನೋಡದೆ, ಮೊದಲೇ ಬರೆದುಕೊಂಡ ಮೊತ್ತ ಕೊಡೋದು.

ಈ ಗೆರೆ ಎಲ್ಲಿ ಬಿತ್ತು ನೋಡಿ. ರಾಜಮನೆತನಗಳ ರೋಲ್ಸ್ ರಾಯ್ಸ್ ಒಳಗೆ ಬಂತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲೇ ತಯಾರಾದ ಅಂಬಾಸಿಡರ್, ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಒಂದೂ ಒಳಗೆ ಬರಲಿಲ್ಲ. ಡಾಕ್ಟರು, ಮೇಷ್ಟ್ರು, ಅಂಗಡಿ ಸಾಹುಕಾರರು ವರ್ಷಗಟ್ಟಲೆ ಕಾದು ತಗೊಂಡ ಕಾರುಗಳಿವು. ಪುಸ್ತಕದ ಲೆಕ್ಕಕ್ಕೆ ಅವು ಬರೀ ಹಳೇ ಗಾಡಿಗಳಾಗಿದ್ದವು.

2007ರ ಜನವರಿಯಿಂದ ಸ್ವಂತ ಹಾನಿಯ ದರ ಮುಕ್ತವಾಯ್ತು. ಆದ್ರೂ ಆ ಪುಸ್ತಕದ ಭಾಷೆ ಇವತ್ತಿನ ಪಾಲಿಸಿಗಳಲ್ಲೂ ಕಾಣುತ್ತೆ.

ಭಾಗ 5/7: 50 ವರ್ಷದ ಗೆರೆ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು (ಡೀಸೆಲ್ ಎಂಜಿನ್ ಕೂರಿಸಿದ ಫಿಯೆಟ್‌ಗಳಿಗೆ ಇಲ್ಲೇ ತೊಡಕು). ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸಿದ್ರೆ ವಿಎ ಸರಣಿಯ ನಂಬರ್, ಮೊದಲೇ ನೋಂದಣಿ ಇದ್ದರೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ನಮ್ಮ ಕಾರಿಂದು ಮೈಸೂರು ರಾಜ್ಯದ ಕಾಲದ ಎಂವೈ ನಂಬರ್, ಹಾಗಾಗಿ ಇದು ಓದಿ ಮನೇಲಿ ಎಲ್ಲರಿಗೂ ಸಮಾಧಾನ.

ಈ ಗೆರೆ 1940ರ ಹಾಗೆ ಒಂದೇ ಕಡೆ ನಿಂತಿಲ್ಲ, ಪ್ರತಿ ವರ್ಷ ಮುಂದೆ ಸರಿಯುತ್ತೆ. ಅಜ್ಜನ 1969ರ ಕಾರು ಒಳಗೆ ಬಂತು! 2022ರ ಥರ್ಡ್ ಪಾರ್ಟಿ ದರದ ನಿಯಮದಲ್ಲಿ ವಿಂಟೇಜ್ ಅಂತ ನೋಂದಣಿಯಾದ ಖಾಸಗಿ ಕಾರಿಗೆ ಅರ್ಧ ಪ್ರೀಮಿಯಂ. ಫಿಯೆಟ್ 1100 ಎಂಜಿನ್ 1,089 ಸಿಸಿ. ಆ ವರ್ಗದ ದರ 3,416, ಅರ್ಧ ಅಂದ್ರೆ 1,708 ರೂಪಾಯಿ, ತೆರಿಗೆ ಬಿಟ್ಟು.

ಆದ್ರೆ ಷರತ್ತು? ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಅಲ್ಲಿಗೆ ಹೋಗಿ ಬರೋದು, ಪೆಟ್ರೋಲ್ ಹಾಕಿಸೋದು, ರಿಪೇರಿ. ಇಷ್ಟಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆ ಇಲ್ಲ, ವಾಣಿಜ್ಯ ಬಳಕೆಯಂತೂ ಇಲ್ಲವೇ ಇಲ್ಲ.

ಭಾಗ 6/7: ಬೆಲೆ ಕಡಿಮೆ ಬರೆಸಿದ್ರೆ ಏನಾಗುತ್ತೆ

ಪಾಲಿಸಿಯಲ್ಲಿ ಐಡಿವಿ ಅಂತ ಇರುತ್ತೆ, ಅಂದ್ರೆ ಕಾರಿಗೆ ಬರೆಸಿದ ಬೆಲೆ. ಐದು ವರ್ಷದವರೆಗೆ ಸವಕಳಿಯ ಪಟ್ಟಿ ಇದೆ. ಅದಾದ ಮೇಲೆ ನೀವು, ಕಂಪನಿ ಮಾತಾಡಿ ಒಪ್ಪಿಕೊಳ್ಳಬೇಕು. ಪ್ರೀಮಿಯಂ ಉಳೀಲಿ ಅಂತ ತುಂಬಾ ಜನ ಕಡಿಮೆ ಬರೆಸ್ತಾರೆ.

ಲೆಕ್ಕ ನೋಡಿ. 40,000 ಅಂತ ಬರೆಸಿದ್ದೀರಿ. ಬಾಗಿಲು, ಮಡ್‌ಗಾರ್ಡ್ ಜಜ್ಜಿ ಹೋಗಿ ರಿಪೇರಿಗೆ 35,000 ಆಯ್ತು. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದ್ರೆ ಪೂರ್ತಿ ನಷ್ಟ ಅಂತ ಪರಿಗಣಿಸ್ತಾರೆ. 40,000ಕ್ಕೆ ಶೇ. 75 ಅಂದ್ರೆ 30,000. ಅಲ್ಲಿಗೆ ಒಂದು ಬಾಗಿಲಿಗೋಸ್ಕರ ಇಡೀ ಕಾರೇ ಮುಗೀತು ಅಂತ ಲೆಕ್ಕ!

ಸಣ್ಣ ರಿಪೇರಿಯಲ್ಲೂ ಹುಷಾರು. ಮಾಮೂಲು ಪಾಲಿಸಿಯಲ್ಲಿ 10 ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 50 ಸವಕಳಿ ಕಳೀತಾರೆ.

ಭಾಗ 7/7: ಹಾಗಾದ್ರೆ ಆರಿಸೋದು ಹೇಗೆ?

ದರ ಕೇಳೋಕೆ ಮುಂಚೆ ಮನೇಲಿ ಕೂತು ಒಂದು ವರ್ಷದಲ್ಲಿ ಕಾರು ಎಲ್ಲೆಲ್ಲಿ ಹೋಗುತ್ತೆ ಅಂತ ಬರೀರಿ. ಆಮೇಲೆ ಕಂಪನಿಗೆ ಇವಿಷ್ಟು ಕೇಳಿ:

▪️ ಒಪ್ಪಿದ ಬೆಲೆಯ ಪಾಲಿಸಿ ಕೊಡ್ತೀರಾ? ಬೆಲೆ ಕಟ್ಟೋರು ಯಾರು?
▪️ ಕಿಲೋಮೀಟರ್ ಮಿತಿ ಇದೆಯಾ? ದಾಟಿದ್ರೆ ಏನು?
▪️ ರ್‍ಯಾಲಿ, ಪ್ರದರ್ಶನ ಒಳಗಾ, ಹೊರಗಾ?
▪️ ಯಾರ್ಯಾರು ಓಡಿಸಬಹುದು? ರಾತ್ರಿ ಎಲ್ಲಿ ನಿಲ್ಲಿಸಬೇಕು?
▪️ ಎಂಜಿನ್, ಸೀಟು ಬದಲಾಯಿಸಿದ್ದನ್ನು ಎಲ್ಲಿ ಬರೀಬೇಕು?

ಉತ್ತರ ಬಾಯಿಮಾತಲ್ಲಿ ಬೇಡ, ಪಾಲಿಸಿ ಕಾಗದದಲ್ಲಿ ಬರಲಿ.

ನಾವೂ ಪಟ್ಟಿ ಬರೆದ್ವಿ. ಅಜ್ಜಿಯನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗೋದು, ತೋಟಕ್ಕೆ ಹೋಗೋದು, ನೆಂಟರ ಮನೆ ಮದುವೆ. ವಿಂಟೇಜ್ ನೋಂದಣಿಯಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ. 1,708 ರೂಪಾಯಿ ಉಳಿಸೋಕೆ ಹೋದ್ರೆ ಅಜ್ಜಿ ಆ ಕಾರಲ್ಲಿ ದೇವಸ್ಥಾನಕ್ಕೆ ಹೋಗೋ ಹಾಗಿಲ್ಲ. ಸದ್ಯಕ್ಕೆ ಮಾಮೂಲು ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು, ಪೂರ್ತಿ ಪ್ರೀಮಿಯಂ ಕಟ್ಟೋದು ಅಂತ ತೀರ್ಮಾನ. ವರ್ಷಕ್ಕೆರಡು ಪ್ರದರ್ಶನಕ್ಕೆ ಮಾತ್ರ ಹೊರಗೆ ಬರೋ ಕಾರಾಗಿದ್ರೆ ಇನ್ನೊಂದು ದಾರಿಯೇ ಸರಿ.

ಫ್ರೆಂಡ್‌ನ ಅಕ್ಕನ ಮದುವೆಗೆ ಕಾರು ಹೋಗುತ್ತೆ. ಓಡಿಸೋದು ಮಾವ, ಪೆಟ್ರೋಲೂ ನಮ್ದೇ. ಬದಲಿಗೆ ಏನೂ ತಗೊಳ್ಳಲ್ಲ, ಊಟ ಮಾಡ್ಕೊಂಡು ಬರ್ತೀವಿ ಅಷ್ಟೇ. 😄

ನಿಮ್ಮನೆ ಶೆಡ್ಡಲ್ಲೂ ಹಳೇ ಗಾಡಿ ಇದ್ಯಾ? ಇವತ್ತು ಸಂಜೆ ಅದರ ಪಾಲಿಸಿ ತೆಗೆದು ಬಳಕೆಯ ಮಿತಿಯ ಪ್ಯಾರಾ ಒಂದ್ಸಲ ಓದಿ.

#ಹಳೇಕಾರು #ಫಿಯೆಟ್ #ಕಾರಿನಕಥೆ #ಇತಿಹಾಸ #ಕನ್ನಡ