ಫಾಂಟು, ಪೆನ್‌ಡ್ರೈವ್ ಮತ್ತು ವೈರಸ್: ಸೊಲ್ಲಾಪುರ–ಅಕ್ಕಲಕೋಟೆಯ ಕನ್ನಡ ಗಣಕಬಳಕೆಯ ಹಿನ್ನೆಲೆಯಲ್ಲಿ

ಆಂಟಿವೈರಸ್ ಕುರಿತ ಚರ್ಚೆ ಹೆಚ್ಚಾಗಿ ಯಾವ ತಂತ್ರಾಂಶ ಮೇಲು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ವೈರಸ್ ಯಾವ ದಾರಿಯಿಂದ ಬಂತು, ಗೊತ್ತಿದ್ದೂ ಆ ದಾರಿಯನ್ನು ಜನ ಏಕೆ ಬಿಡಲಿಲ್ಲ ಎಂದು ಕೇಳುವವರು ಕಡಿಮೆ. ಕರ್ನಾಟಕದ ಗಡಿಗೆ ಹತ್ತಿರ ಮಹಾರಾಷ್ಟ್ರದಲ್ಲಿರುವ, ಮರಾಠಿ, ಕನ್ನಡ, ತೆಲುಗು ಮೂರೂ ಬಳಕೆಯಲ್ಲಿರುವ ಸೊಲ್ಲಾಪುರ ಮತ್ತು ಕನ್ನಡ ಮಾಧ್ಯಮದ ಶಾಲೆಗಳಿರುವ ಅಕ್ಕಲಕೋಟೆ ತಾಲ್ಲೂಕು ಈ ಪ್ರಶ್ನೆಗೆ ತಕ್ಕ ನೆಲ. ಕನ್ನಡ ಅಕ್ಷರಜೋಡಣೆ ಬಹುಕಾಲ ನೆಚ್ಚಿಕೊಂಡ ತಂತ್ರವೇ ಗಡಿಭಾಗದಲ್ಲಿ ಸೋಂಕಿಗೂ ಅನುಕೂಲ ಮಾಡಿಕೊಟ್ಟಿತು ಎಂಬುದು ಈ ಲೇಖನದ ವಾದ.

1. ಕಡತದ ಜೊತೆ ಫಾಂಟು

ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಒಳಗೊಂಡಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟೂ ಇತ್ತು. ಆದರೆ ಮುದ್ರಣದ ಕೆಲಸ ನಡೆಯುತ್ತಿದ್ದ ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಯೂನಿಕೋಡ್ ಕನ್ನಡ ಒಗ್ಗುತ್ತಿರಲಿಲ್ಲ. ಹೀಗಾಗಿ ಡಿಟಿಪಿ ಅಂಗಡಿಗಳು ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳನ್ನು ಅಥವಾ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯನ್ನು ಅವಲಂಬಿಸಿದವು. ಹಳೆಯ ಫಾಂಟುಗಳಲ್ಲಿ ಬರಹ, ನುಡಿಗಳ ಸಂಕೇತವ್ಯವಸ್ಥೆ ಬಹುಮಟ್ಟಿಗೆ ಒಂದೇ, ಶ್ರೀಲಿಪಿಯದು ಬೇರೆ. ಒಂದು ವ್ಯವಸ್ಥೆಯಲ್ಲಿ ಜೋಡಿಸಿದ ಪುಟ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಕಡತ ಕೊಟ್ಟರೆ ಸಾಲದು, ಫಾಂಟನ್ನೂ, ಎಷ್ಟೋ ಸಲ ಅದನ್ನು ಸ್ಥಾಪಿಸುವ ತಂತ್ರಾಂಶವನ್ನೂ ಜೊತೆಗೆ ಕೊಡಬೇಕು.

ಈ ತೊಡಕು ಮರಾಠಿಗೂ ಇತ್ತು. ಆದರೆ ಮರಾಠಿ ಫಾಂಟು ಸೊಲ್ಲಾಪುರದ ಅಂಗಡಿಗಳಲ್ಲಿ ಇರುವುದು ಸಹಜ. ಕನ್ನಡದ ಲಗ್ನಪತ್ರಿಕೆಗೋ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಕರಪತ್ರಕ್ಕೋ ಕನ್ನಡ ಇರುವ ಯಂತ್ರವನ್ನೇ ಹುಡುಕಬೇಕು. ಇಲ್ಲವಾದರೆ ವಿಜಯಪುರ, ಇಂಡಿ, ಅಫಜಲಪುರಗಳತ್ತ ಮುಖ ಮಾಡಬೇಕು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಪೆನ್‌ಡ್ರೈವ್ ತಿರುಗಿದಷ್ಟೂ ವೈರಸ್ಸಿಗೆ ಅವಕಾಶ ಹೆಚ್ಚು.

2. ಫೋಲ್ಡರಿನ ವೇಷ

ಆ ಕಾಲದ ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಚುಚ್ಚಿದೊಡನೆ ‘ಆಟೋರನ್’ ಎಂಬ ಪುಟ್ಟ ಪಠ್ಯಕಡತದ ಮಾತು ಕೇಳುವ ಸೌಲಭ್ಯವಿತ್ತು. 2008ರ ನವೆಂಬರ್‌ನಲ್ಲಿ ಪತ್ತೆಯಾದ ಕಾನ್‌ಫಿಕರ್ ಹುಳು ಜಾಲದ ಮೂಲಕ ಹರಡುವುದರ ಜೊತೆಗೆ ಮುಂದೆ ಇದನ್ನೂ ಬಳಸಿಕೊಂಡಿತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಹಳೆಯ ಆವೃತ್ತಿಗಳಲ್ಲೂ ಪೆನ್‌ಡ್ರೈವಿನ ಆಟೋರನ್ ತಡೆಯುವ ಅಪ್‌ಡೇಟ್ ಕಳಿಸಿತು. ಅಪ್‌ಡೇಟ್ ಕಾಣದ, ನಕಲಿ ವಿಂಡೋಸ್ ಹಾಕಿದ ಯಂತ್ರಗಳಿಗೆ ಇಂಥ ಪರಿಹಾರ ಮುಟ್ಟುವುದು ತಡ.

ಇನ್ನೊಂದು ಉಪಾಯ ಇದಕ್ಕಿಂತ ಸರಳ. ವೈರಸ್ ಪೆನ್‌ಡ್ರೈವಿನ ನಿಜವಾದ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ, ಅದೇ ಹಳದಿ ಚಿತ್ರದ ಇಎಕ್ಸ್‌ಇ ಕಡತಗಳನ್ನು ಅಲ್ಲಿಡುತ್ತದೆ. ಕಡತದ ಬಾಲಹೆಸರನ್ನು (ಎಕ್ಸ್‌ಟೆನ್ಷನ್) ವಿಂಡೋಸ್ ತಾನಾಗಿ ತೋರಿಸದ ಕಾರಣ ‘ಲಗ್ನಪತ್ರಿಕೆ’ ಎಂಬುದು ಫೋಲ್ಡರೋ ಪ್ರೋಗ್ರಾಮೋ ತಿಳಿಯದು. ಎರಡು ಸಲ ಕ್ಲಿಕ್ಕಿಸಿದರೆ ಸೋಂಕು ಹತ್ತಿತು. ಆಂಟಿವೈರಸ್ ಬಂದು ವೇಷದ ಕಡತವನ್ನು ಅಳಿಸಿದಾಗ ಡ್ರೈವ್ ಖಾಲಿ ಕಾಣುತ್ತದೆ. ಒಳಗಿನದು ಹಾಗೇ ಇರುತ್ತದೆ, ‘ಆಟ್ರಿಬ್’ ಆಜ್ಞೆಯಿಂದ ಮರೆಯ ಗುರುತು ತೆಗೆದರೆ ಮತ್ತೆ ಕಾಣುತ್ತದೆ. ಅದು ತಿಳಿಯದವರ ಕಣ್ಣಿಗೆ ಕೆಲಸ ಕೆಡಿಸಿದ್ದು ಆಂಟಿವೈರಸ್ಸೇ. ರಕ್ಷಣೆಯನ್ನು ಜನ ಆಫ್ ಮಾಡಿಡುವುದಕ್ಕೆ ಇಂಥ ಅನುಭವವೂ ಕಾರಣ.

3. ಆಂಟಿವೈರಸ್ಸಿನ ಅಳವು

ಮಹಾರಾಷ್ಟ್ರದ ಮಟ್ಟಿಗೆ ಆಂಟಿವೈರಸ್ ಬೆಳೆದದ್ದೇ ರಿಪೇರಿ ಅಂಗಡಿಯಿಂದ. ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಸ ಕಾಟಕರ್ ಮತ್ತು ಅವರ ತಮ್ಮ ಸಂಜಯ 1990ರ ದಶಕದ ಮಧ್ಯಭಾಗದಲ್ಲಿ ಕ್ವಿಕ್ ಹೀಲ್ ತಂದರು. ಕಂಪನಿ 2016ರಲ್ಲಿ ಷೇರುಪೇಟೆ ಸೇರಿತು. ಕಂಪ್ಯೂಟರ್ ಮಾರುವ, ದುರಸ್ತಿ ಮಾಡುವ ಅಂಗಡಿಯೇ ವರ್ಷದ ಲೈಸೆನ್ಸನ್ನೂ ಮಾರುವ ಪದ್ಧತಿ ಸಣ್ಣ ಊರುಗಳಿಗೆ ಒಗ್ಗಿತು.

ಆಂಟಿವೈರಸ್ ಮುಖ್ಯವಾಗಿ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ: ಗೊತ್ತಿರುವ ವೈರಸ್ಸಿನ ಗುರುತನ್ನು ಕಡತದೊಂದಿಗೆ ತಾಳೆ ನೋಡುವುದು, ಗೊತ್ತಿಲ್ಲದ್ದನ್ನು ಅದರ ನಡವಳಿಕೆಯಿಂದ ಶಂಕಿಸುವುದು. ಗುರುತಿನ ಪಟ್ಟಿ ಹೊಸದಾಗದಿದ್ದರೆ ಮೊದಲನೆಯ ಬಗೆ ಹೊಸ ಪಿಡುಗಿನೆದುರು ನಿಷ್ಪ್ರಯೋಜಕ. ಇಂಟರ್ನೆಟ್ ಇಲ್ಲದ ಯಂತ್ರಕ್ಕೆ ಅಪ್‌ಡೇಟನ್ನೂ ಪೆನ್‌ಡ್ರೈವಿನಲ್ಲೇ ಒಯ್ಯಬೇಕಾಗುತ್ತಿತ್ತು. ರೋಗ ಬರುವ ದಾರಿಯಲ್ಲೇ ಮದ್ದೂ ಬರಬೇಕು.

2017ರ ಮೇ 12ರಂದು ಹರಡತೊಡಗಿದ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಹುಳು ಈ ಮಿತಿಯನ್ನು ಜಗತ್ತಿಗೆಲ್ಲ ತೋರಿಸಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಎಕ್ಸ್‌ಪಿಗೆ ಸಾಮಾನ್ಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದ್ದರಿಂದ ಅದಕ್ಕೆ ಆ ತೇಪೆ ಆಗ ಬರಲಿಲ್ಲ. ಹಳೆಯ ಫಾಂಟು ಓಡಬೇಕೆಂದು ಹಳೆಯ ವಿಂಡೋಸನ್ನೇ ಉಳಿಸಿಕೊಳ್ಳುವ ಡಿಟಿಪಿ ಅಂಗಡಿಗೆ ಇದರಿಂದ ಕಲಿಯುವುದಿದೆ: ಮುಗಿದುಹೋದ ವಿಂಡೋಸ್ ಮೇಲೆ ಎಷ್ಟು ಒಳ್ಳೆಯ ಆಂಟಿವೈರಸ್ ಹಾಕಿದರೂ ಬುಡ ಭದ್ರವಾಗದು.

4. ದಾರಿ ಬದಲಾದ ಮೇಲೆ

ಯೂನಿಕೋಡ್ ಮತ್ತು ವಾಟ್ಸ್ಆ್ಯಪ್ ಬಳಕೆಗೆ ಬಂದ ಮೇಲೆ ಕನ್ನಡ ಪಠ್ಯದ ಜೊತೆ ಫಾಂಟು ಕಳಿಸುವ ಅಗತ್ಯ ಬಹುಮಟ್ಟಿಗೆ ತೀರಿತು. ಹಾಗೆಂದು ಅಪಾಯ ತೀರಲಿಲ್ಲ. 2024ರಲ್ಲಿ ಮದುವೆಯ ಆಮಂತ್ರಣವೆಂಬ ಸೋಗಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ, ಆ್ಯಪ್ ಸ್ಥಾಪಿಸುವ ಎಪಿಕೆ ಕಡತಗಳ ಬಗ್ಗೆ ದೇಶದ ಸೈಬರ್ ಪೊಲೀಸರು ಎಚ್ಚರಿಸಬೇಕಾಯಿತು. ಪೆನ್‌ಡ್ರೈವಿನಲ್ಲಿ ಫೋಲ್ಡರಾಗಿ ಕಂಡದ್ದು ಮೊಬೈಲಿನಲ್ಲಿ ಪತ್ರಿಕೆಯಾಗಿ ಕಾಣುತ್ತಿದೆ, ಅಷ್ಟೇ. ಎರಡಕ್ಕೂ ಬಂಡವಾಳ ಪರಿಚಯದವರು ಕಳಿಸಿದ್ದಾರೆಂಬ ನಂಬಿಕೆ.

ಆದ್ದರಿಂದ ಗಡಿಭಾಗದಲ್ಲಿ ಆಗಬೇಕಾದ ಕೆಲಸ ಮೂರು. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಹಳೆಯ ವಿಂಡೋಸನ್ನು ಕೈಬಿಡುವುದು. ಮುಖ್ಯ ಕಡತಗಳ ಪ್ರತಿಯನ್ನು ಯಂತ್ರಕ್ಕೆ ಜೋಡಿಸದ ಡಿಸ್ಕಿನಲ್ಲಿ ಇಡುವುದು. ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತವಾಗಿ ಕೊಡುತ್ತಿರುವ ಸಾಧನಗಳ ಬಳಕೆಯನ್ನೂ, ಕಡತದ ಬಾಲಹೆಸರು ನೋಡಿ ತೆರೆಯುವ ರೂಢಿಯನ್ನೂ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡದಲ್ಲೇ ಕಲಿಸುವುದು. ಆಂಟಿವೈರಸ್ ಬೇಕೇ ಬೇಕು. ಆದರೆ ಈ ಮೂರೂ ಆಗದ ಕಡೆ ಅದು ಪ್ರತಿವರ್ಷ ಕಟ್ಟುವ ದಂಡವಾಗಿಯೇ ಉಳಿಯುತ್ತದೆ.