ಏಳನೇ ಇಯತ್ತೆ ಆದ ಮೇಲೆ ಮುಂದೇನು?

ಸಾಂಬ್ರಾ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ವಿಮಾನ ನಿಲ್ದಾಣ. ಬೆಳಗಾವಿಯಿಂದ ಬಾಗಲಕೋಟೆ ರಸ್ತೆ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಿಗುವ ಊರು. 1942ರಲ್ಲಿ, ಎರಡನೇ ಮಹಾಯುದ್ಧದ ಗದ್ದಲದಲ್ಲಿ, ಬ್ರಿಟಿಷ್ ವಾಯುಪಡೆ ಇಲ್ಲಿ ವಿಮಾನ ಇಳಿಯುವ ನೆಲ ಸಿದ್ಧ ಮಾಡಿತು. ಈಗಲೂ ಭಾರತೀಯ ವಾಯುಪಡೆಯ ತರಬೇತಿ ಶಾಲೆ ಅಲ್ಲೇ ಇದೆ. ಆದರೆ ಅದೇ ಕಾಲದಲ್ಲಿ ಈ ಸುತ್ತಿನ ಹಳ್ಳಿ ಹುಡುಗನೊಬ್ಬ ಮೆಟ್ರಿಕ್ ಓದಬೇಕೆಂದರೆ ಬೆಳಗಾವಿಯ ದಾರಿ ಹಿಡಿಯಬೇಕಿತ್ತು. ತಲೆ ಮೇಲೆ ವಿಮಾನ ಹಾರುತ್ತಿತ್ತು, ಹೈಸ್ಕೂಲು ಮಾತ್ರ ಹಳ್ಳಿಗಳ ಹತ್ತಿರ ಸುಳಿದಿರಲಿಲ್ಲ!

ಹಾಗಂತ ಹಳ್ಳಿಗಳಲ್ಲಿ ಶಾಲೆಯೇ ಇರಲಿಲ್ಲ ಅಂತಲ್ಲ. ನಮ್ಮ ಕಡೆ ಅದಕ್ಕೆ 'ಕನ್ನಡ ಸಾಲಿ' ಅಂತಾರೆ. ಮುಂಬಯಿ ಪ್ರಾಂತದಲ್ಲಿದ್ದ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಕಾರುಬಾರು ಇದ್ದಾಗ, ಕನ್ನಡ ಶಾಲೆಗಳಿಗಾಗಿ ಊರೂರು ಓಡಾಡಿದವರು ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರು. 1860ರ ದಶಕದ ಮಾತು ಇದು. ಆಮೇಲಿನ ವರ್ಷಗಳಲ್ಲಿ ಕನ್ನಡ ಸಾಲಿ ಹಳ್ಳಿಹಳ್ಳಿಗೆ ಹಬ್ಬಿತು. ಏಳನೇ ಇಯತ್ತೆಗೆ ಬಂದರೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನೆಂದರೆ ಊರಲ್ಲಿ ಅದರ ಗತ್ತೇ ಬೇರೆ. ಸಾಲಿ ಮಾಸ್ತರ ಆಗಬಹುದು, ತಲಾಠಿ ಆಗಬಹುದು. ನಮ್ಮ ಅಜ್ಜಂದಿರ ಕಾಲದವರು "ನಾ ಮುಲ್ಕಿ ಪಾಸ್ ಆದಾಂವ" ಅಂತ ಎದೆ ಸೆಟೆಸಿ ಹೇಳುವುದನ್ನು ನೀವೂ ಕೇಳಿರಬಹುದು.

ತೊಡಕು ಇದ್ದದ್ದು ಇಲ್ಲೇ. ಮುಲ್ಕಿ ಅಂದರೆ ಹೈಸ್ಕೂಲಿನ ಕೆಳಗಿನ ಮೆಟ್ಟಿಲು ಅಂತ ನಾವು ತಿಳಿದುಕೊಳ್ಳುತ್ತೇವೆ. ಅದು ಹಾಗಿರಲಿಲ್ಲ. ಅದೊಂದು ಬೇರೆಯೇ ಏಣಿ. ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ, ಅದರ ಮೊದಲ ಮೆಟ್ರಿಕ್ ಪರೀಕ್ಷೆ ನಡೆದದ್ದು 1859ರಲ್ಲಿ. ಆ ಮೆಟ್ರಿಕ್‌ಗೆ ಹೋಗಬೇಕಾದವನು ಕನ್ನಡ ನಾಲ್ಕನೇ ಇಯತ್ತೆ ಮುಗಿಸಿ ಇಂಗ್ಲಿಷ್ ಶಾಲೆಗೆ ಹೊರಳಬೇಕಿತ್ತು. ಅಲ್ಲಿ ಇಂಗ್ಲಿಷ್ ಒಂದನೆಯದರಿಂದ ಏಳನೆಯದರವರೆಗೆ ಮತ್ತೆ ಏಳು ವರ್ಷ. ಹಳ್ಳಿಯಲ್ಲೇ ಉಳಿದು ಮುಲ್ಕಿ ಮಾಡಿದವನಿಗೆ ಮುಂದೆ ಓದುವ ಆಸೆ ಹುಟ್ಟಿದರೆ, ತನಗಿಂತ ಚಿಕ್ಕ ಹುಡುಗರ ಜೊತೆ ಕೆಳಗಿನ ಇಂಗ್ಲಿಷ್ ತರಗತಿಯಲ್ಲಿ ಕೂರಬೇಕು. ನಾನು ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಒಂದಕ್ಕೊಂದು ಮಾತಾಡದ ಎರಡು ಸಿಸ್ಟಮ್‌ಗಳು ಎಂಥ ತಲೆನೋವು ಅಂತ ಚೆನ್ನಾಗಿ ಗೊತ್ತು :) ಇಲ್ಲಿ ಆ ತಲೆನೋವು ಅನುಭವಿಸಿದ್ದು ಹತ್ತು-ಹನ್ನೆರಡು ವರ್ಷದ ಮಕ್ಕಳು.

ಇಂಗ್ಲಿಷ್ ಏಣಿ ಇದ್ದದ್ದು ಪೇಟೆಯಲ್ಲಿ. 1830ರ ದಶಕದಲ್ಲಿ ಲಂಡನ್ ಮಿಶನ್‌ನವರು ಬೆಳಗಾವಿಯಲ್ಲಿ ತೆರೆದ ಶಾಲೆಯೇ ಮುಂದೆ ಬೆನನ್ ಸ್ಮಿತ್ ಹೈಸ್ಕೂಲು ಆಯಿತು. ಆಮೇಲೆ ಸರಕಾರದ ಸರದಾರ ಹೈಸ್ಕೂಲು. 1916ರ ನವೆಂಬರ್ 13ರಂದು ಶಿ.ಶಿ. ಬಸವನಾಳ, ಮ.ರು. ಸಾಖರೆ ಮೊದಲಾದ ಏಳು ಜನ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಕಟ್ಟಿದರು. ಅವರು ಮೊದಲು ತೆರೆದದ್ದು ಕಾಲೇಜಲ್ಲ, ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆ. ಅದೇ ಇಂದಿನ ಗಿಲಗಂಚಿ ಅರಟಾಳ ಹೈಸ್ಕೂಲು. ಹೆಸರಿನಲ್ಲೇ ಎರಡು ಏಣಿ ಜೋಡಿಸುವ ಪ್ರಯತ್ನ ಇದೆ ನೋಡಿ.

ಶಾಲೆ ಇದ್ದರಾಯಿತೇ? ಹಳ್ಳಿ ಹುಡುಗ ಉಳಿಯುವುದೆಲ್ಲಿ, ಉಣ್ಣುವುದೇನು? ಇದಕ್ಕೆ ಉತ್ತರ ಕೊಟ್ಟದ್ದು ಮಠಗಳು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1930ರ ದಶಕದಲ್ಲಿ ಶುರು ಮಾಡಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರ ಸಂಖ್ಯೆ ದೊಡ್ಡದು. ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಹೈಸ್ಕೂಲಿಗೆ ಗೋಕಾಕಿಗೆ ಹೋದರು, ಬಡತನದಿಂದ ಶಾಲೆ ಬಿಟ್ಟರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ವಹಿಸಿಕೊಂಡದ್ದರಿಂದ ಮತ್ತೆ ಓದಿದರು. ಆ ಕೈ ಸಿಗದೇ ಹೋಗಿದ್ದರೆ ಕನ್ನಡಕ್ಕೆ ಒಂದು ಜ್ಞಾನಪೀಠ ಕಡಿಮೆ ಆಗುತ್ತಿತ್ತೋ ಏನೋ. ಹಾಗೆ ಕೈ ಸಿಗದವರ ಲೆಕ್ಕ ಇಟ್ಟವರು ಯಾರು? ಹುಡುಗಿಯರಿಗಂತೂ ಈ ಮಠದ ದಾರಿಯೂ ಇರಲಿಲ್ಲ. ಅವರ ಓದು ಊರ ಸೀಮೆಗೇ ಮುಗಿಯುತ್ತಿತ್ತು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು (ಚಂದಗಡ ತಾಲೂಕು ಮಾತ್ರ ಆ ಕಡೆ ಉಳಿಯಿತು). ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಆದದ್ದು 1966ರಲ್ಲಿ. ಏಳು ವರ್ಷ ಪ್ರಾಥಮಿಕ, ಅದರ ಮೇಲೆ ಮೂರು ವರ್ಷ ಹೈಸ್ಕೂಲು, ಕೊನೆಗೆ ಎಸ್ಸೆಸ್ಸೆಲ್ಸಿ. ಕನ್ನಡ ಸಾಲಿಯ ಏಳನೆಯದು ನೇರವಾಗಿ ಎಂಟನೆಯದಕ್ಕೆ ಕೂಡಿಕೊಂಡಿತು, ಏಣಿ ಒಂದಾಯಿತು. ಈ ಭಾಗದಲ್ಲಿ ಕನ್ನಡ ಹೈಸ್ಕೂಲುಗಳ ಜೊತೆಗೆ ಮರಾಠಿ ಮಾಧ್ಯಮದವೂ ಬೆಳೆದವು, ಮರಾಠಿಯಲ್ಲೇ ಎಸ್ಸೆಸ್ಸೆಲ್ಸಿ ಬರೆಯುವ ಅವಕಾಶವನ್ನು ರಾಜ್ಯ ಉಳಿಸಿಕೊಂಡು ಬಂದಿದೆ. ಗಡಿಯ ಜಗಳ ಏನೇ ಇರಲಿ, ಎರಡೂ ಭಾಷೆಯ ರೈತರ ಮನೆಯಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಏಳನೆಯದು ಆದ ಮೇಲೆ ಮುಂದೇನು?

ಆ ಪ್ರಶ್ನೆ ಪೂರ್ತಿ ಮುಗಿದಿಲ್ಲ. 2006-07ರಲ್ಲಿ ಸರಕಾರ ಉಚಿತ ಸೈಕಲ್ ಕೊಡಲು ಶುರು ಮಾಡಿದಾಗ ಆರಿಸಿಕೊಂಡದ್ದು ಎಂಟನೇ ತರಗತಿಯನ್ನೇ. ಮಗು ತಪ್ಪಿಸಿಕೊಳ್ಳುವ ಜಾಗ ಅದೇ ಅಂತ ಅವರಿಗೂ ಗೊತ್ತಿತ್ತು. ಕೋವಿಡ್ ಹೊತ್ತಿಗೆ ಆ ಯೋಜನೆ ನಿಂತಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ತರಗತಿಯವರೆಗೆ ಹಕ್ಕು ಕೊಡುತ್ತದೆ, ನಮ್ಮ ಎಷ್ಟೋ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಖಾನಾಪುರ ತಾಲೂಕಿನ ಭೀಮಗಡ ಕಾಡಿನೊಳಗಿನ ಗವಾಳಿ, ಕೊಂಗಳಾದಂಥ ಹಳ್ಳಿಗಳಲ್ಲಿ ಮಳೆಗಾಲ ಬಂದರೆ ಹಳ್ಳ ದಾಟುವುದೇ ದೊಡ್ಡ ಪರೀಕ್ಷೆ. ಈಗ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಒಳ್ಳೆಯದೇ. ಆದರೆ ಅದಕ್ಕಾಗಿ ಸಣ್ಣ ಊರಿನ ಶಾಲೆ ಮುಚ್ಚಿದರೆ ಹಳೇ ದೂರವನ್ನೇ ವಾಪಸ್ ತಂದಂತೆ.

ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮೂರ ಕನ್ನಡ ಸಾಲಿಯ ಹಳೇ ದಾಖಲಾತಿ ರಿಜಿಸ್ಟರ್ ತೋರಿಸಿ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿ. ಅದರಲ್ಲಿ 'ಶಾಲೆ ಬಿಟ್ಟ ಕಾರಣ' ಅಂತ ಒಂದು ಕಾಲಮ್ ಇರುತ್ತದೆ. ಹೈಸ್ಕೂಲು ಬರುವ ಮೊದಲು ಅಲ್ಲಿ ಏನು ಬರೆದಿದ್ದಾರೆ, ಬಂದ ಮೇಲೆ ಏನು ಬರೆದಿದ್ದಾರೆ ನೋಡಿ. ಹುಡುಗಿಯರ ಹೆಸರಿನ ಮುಂದಿನ ಸಾಲನ್ನು ತಪ್ಪದೇ ಓದಿ. ಏನು ಕಂಡಿತು ಅಂತ ನಮಗೂ ತಿಳಿಸಿ.